ಅಪ್ಪನ ಹೆಸರಿಗೆ ಹೋದ ಅವ್ವನ ಬಿ.ಪಿ.

ಅಪ್ಪನ ಹೃದಯ ಸೋತಿದೆ ಎಂದು ನಮಗೆ ಗೊತ್ತಾದದ್ದು ಕಬ್ಬಿನ ಹಂಗಾಮಿನ ಕೊನೆಯ ವಾರದಲ್ಲಿ. ಬೇಡಕಿಹಾಳದ ನಮ್ಮ ಹೊಲದಿಂದ ಕಡೆಯ ಟ್ರ್ಯಾಲಿ ಕಳಿಸಿ ಮನೆಗೆ ಬಂದವನು ಕಟ್ಟೆಯ ಮೇಲೆ ಕುಳಿತು ಚಪ್ಪಲಿ ಬಿಚ್ಚಲು ಬಗ್ಗಿದ. ಬಗ್ಗಿದವನಿಗೆ ಏಳಲಾಗಲಿಲ್ಲ. ಪಾದ ಬಾತು ಚಪ್ಪಲಿಯ ಪಟ್ಟಿ ಚರ್ಮದೊಳಗೆ ಇಳಿದಿತ್ತು. ಎಷ್ಟು ದಿನದಿಂದ ಹಾಗಿತ್ತೋ, ಯಾರಿಗೂ ಹೇಳಿರಲಿಲ್ಲ. ದೊಡ್ಡ ಕಾಯಿಲೆ ಬಂದರೆ ನಮ್ಮ ಕಡೆಯವರು ಗಡಿ ದಾಟಿ ಮಿರಜಿಗೆ ಹೋಗುವುದು ರೂಢಿ. ನಾವೂ ಅಲ್ಲಿಗೇ ಒಯ್ದೆವು. ಒಂಬತ್ತು ದಿನ ಇಟ್ಟುಕೊಂಡರು. ಹೃದಯ ರಕ್ತ ನೂಕುವ ಶಕ್ತಿ ಅರ್ಧಕ್ಕಿಂತ ಕೆಳಗೆ ಬಂದಿದೆ, ಇದು ವಾಸಿಯಾಗುವ ರೋಗವಲ್ಲ, ಆದರೆ ದಿನಾ ಕಣ್ಣಿಟ್ಟು ನೋಡಿಕೊಂಡರೆ ಬಹಳ ವರ್ಷ ಬದುಕಬಹುದು ಎಂದರು.

ಆ ಕಣ್ಣು ಒಂದು ರಟ್ಟಿನ ಡಬ್ಬಿಯಲ್ಲಿ ನಮ್ಮ ಮನೆಗೆ ಬಂತು. ಬಿ.ಪಿ. ನೋಡುವ ಮಶೀನು, ಗಾಜಿನ ತೂಕದ ಮಶೀನು, ಬೆರಳಿಗೆ ಸಿಗಿಸುವ ಕ್ಲಿಪ್ಪು, ಇವಷ್ಟಕ್ಕೇ ಮೀಸಲಾದ ಒಂದು ಸಣ್ಣ ಫೋನು. ಮನೆಯಲ್ಲಿ ಬಿ.ಪಿ. ನೋಡಿದರೆ ಅಂಕಿ ತಾನಾಗಿಯೇ ಫೋನಿಗೆ ಹೋಗಿ, ಅಲ್ಲಿಂದ ಆಸ್ಪತ್ರೆಗೆ ಹೋಗುತ್ತಿತ್ತು. ಆಸ್ಪತ್ರೆಯ ಮೇಲಿನ ಅಂತಸ್ತಿನ ಕೋಣೆಯಲ್ಲಿ ಸಿಸ್ಟರುಗಳು ಕುಳಿತು ಊರೂರಿನ ರೋಗಿಗಳ ಅಂಕಿಗಳನ್ನು ನೋಡುತ್ತಾರೆ, ಹೆಚ್ಚುಕಡಿಮೆಯಾದರೆ ಫೋನ್ ಮಾಡುತ್ತಾರೆ.

ಇವನ್ನು ಬಳಸುವುದು ಕಲಿಸಲು ಆಸ್ಪತ್ರೆಯಿಂದ ಬಂದವನು ಪಡಸಾಲೆಯಲ್ಲಿ ಕುಳಿತು ಅಪ್ಪನಿಗೂ ನನಗೂ ತಾಳ್ಮೆಯಿಂದ ಹೇಳಿಕೊಟ್ಟ. ಪಾದ ನೆಲಕ್ಕೆ ಊರಿರಬೇಕು. ಬೆನ್ನಿಗೆ ಆಸರೆ ಇರಬೇಕು. ಐದು ನಿಮಿಷ ಮಾತಾಡದೆ ಕುಳಿತ ಮೇಲೆ ತೋಳಿಗೆ ಪಟ್ಟಿ ಕಟ್ಟಬೇಕು. ಅಂಕಿ ವಿಚಿತ್ರ ಅನ್ನಿಸಿದರೆ ಐದು ನಿಮಿಷ ಬಿಟ್ಟು ಮತ್ತೊಮ್ಮೆ, ಹೀಗೆ ಮೂರು ಸಲ ನೋಡಬೇಕು. ಅವ್ವ ಅಡುಗೆಮನೆಯ ಬಾಗಿಲಲ್ಲಿ ಚಹದ ತಟ್ಟೆ ಹಿಡಿದು ನಿಂತಿದ್ದಳು. ಫೋನಿನಲ್ಲಿ ಅವನು ಎರಡು ಹೆಸರು ತುಂಬಿದ. ಪೇಶಂಟ್ ಎಂಬಲ್ಲಿ ಅಪ್ಪನದು. ನೋಡಿಕೊಳ್ಳುವವರು ಎಂಬಲ್ಲಿ ನನ್ನದು.

ನಾನು ನೋಡಿಕೊಂಡದ್ದು ಆರು ದಿನ. ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುವವನು. ಬೆಳಿಗ್ಗೆ ಅವಸರ. ಏಳನೆಯ ದಿನ ನಾನು ಸ್ನಾನ ಮುಗಿಸಿ ಬರುವುದರೊಳಗೆ ಅವ್ವ ಅಪ್ಪನ ತೋಳಿಗೆ ಪಟ್ಟಿ ಕಟ್ಟಿ ಎದುರಿಗೆ ಕುಳಿತಿದ್ದಳು. ನೋಡಿದೆ, ಸರಿಯಾಗಿಯೇ ಕಟ್ಟಿದ್ದಳು. ಅಂದಿನಿಂದ ಅದು ಅವಳ ಕೆಲಸವಾಯಿತು. ಅವಳು ಮರಾಠಿ ಶಾಲೆಯ ಎರಡನೆಯ ತರಗತಿಗೇ ಪಾಟಿ ಬಿಟ್ಟವಳು. ಗೋಡೆಯ ಕ್ಯಾಲೆಂಡರಿನಿಂದ ಇಂಗ್ಲಿಷ್ ಅಂಕಿ ಗೊತ್ತಿದ್ದವು. ಒಂದು ಸಂಜೆ ಕೂಡಿಸಿಕೊಂಡು ಹೇಳಿದೆ.

"ಮ್ಯಾಲಿಂದು ನೂರಾ ನಲವತ್ತು ದಾಟಿದ್ರ ನನಗ ಹೇಳ. ತೊಂಬತ್ತರ ಕೆಳಗ ಬಂದ್ರೂ ಹೇಳ. ಮೂರ ದಿನದಾಗ ಎರಡ ಕಿಲೋ ತೂಕ ಏರಿದ್ರೂ ಹೇಳ."

"ನೂರಾ ನಲವತ್ತು ದಾಟಿದ್ರ ಏನಾಕ್ಕೈತಿ?" ಎಂದು ಕೇಳಿದಳು.

"ದಾಟಕೋಂತ ಹೋದ್ರ ತಲ್ಯಾಗಿನ ನರಾ ಒಡೀತಾವ. ಲಕ್ವಾ ಹೊಡೀತೈತಿ."

"ಆತ ತುಗೊ" ಎಂದಳು. ಒಮ್ಮೆ ಹೇಳಿದ್ದನ್ನು ಅವಳು ಮತ್ತೆ ಕೇಳಿದ್ದಿಲ್ಲ.

ಬೆಳಿಗ್ಗೆ ಆರೂವರೆಗೆ ಅಪ್ಪನನ್ನು ಎಬ್ಬಿಸಿ ತೂಕ ನೋಡುವಳು. ಆಮೇಲೆ ಕುರ್ಚಿಯಲ್ಲಿ ಕೂಡಿಸಿ, ಮೊಣಕಾಲ ಕೆಳಗೆ ಹೆಬ್ಬೆರಳಿನಿಂದ ಒತ್ತಿ, ಕುಳಿ ಬಿದ್ದು ಹಾಗೆಯೇ ಉಳಿಯುತ್ತದೋ ಎಂದು ನೋಡುವಳು. ಇದನ್ನು ಯಾರೂ ಅವಳಿಗೆ ಕಲಿಸಿರಲಿಲ್ಲ. ಆಸ್ಪತ್ರೆಯಲ್ಲಿ ಡಾಕ್ಟರು ಮಾಡುವಾಗ ನೋಡಿದ್ದಳು. ಆಮೇಲೆ ಐದು ನಿಮಿಷ ಇಬ್ಬರೂ ಮಾತಿಲ್ಲದೆ ಕುಳಿತಿರುವರು. ಆಮೇಲೆ ಪಟ್ಟಿ. ಆಮೇಲೆ ಬೆರಳಿನ ಕ್ಲಿಪ್ಪು. ಅವಳು ಅದಕ್ಕೆ ಚಿಮಟಾ ಎನ್ನುತ್ತಿದ್ದಳು. ಕೊನೆಗೆ ಗುಳಿಗೆ. ಎಂಟು ತರದ ಗುಳಿಗೆಗಳನ್ನು ಪಾಕೀಟು ಒಡೆದು ಎಂಟು ಡಬ್ಬಿಗಳಲ್ಲಿ ಹಾಕಿಟ್ಟಿದ್ದಳು. ಯಾವ ಡಬ್ಬಿಯ ಮೇಲೂ ಏನೂ ಬರೆದಿರಲಿಲ್ಲ. ಅವಳಿಗೆ ಬಣ್ಣ, ಗಾತ್ರ, ಡಬ್ಬಿಯ ಮುಚ್ಚಳ, ಎಲ್ಲ ಗೊತ್ತಿತ್ತು.

ಐದು ನಿಮಿಷ ತಡವಾದರೆ ಅಪ್ಪ ಕೂಗಾಡುತ್ತಿದ್ದ. "ನನ್ನ ಸಾಯಿಸಬೇಕಂತ ಮಾಡಿ ಏನ? ಅಲ್ಲಿ ಆ ಬಾಯಿ ಕಾಯ್ಕೋಂತ ಕುಂತಿರ್ತಾಳ." ಬಾಯಿ ಎಂದರೆ ಆಸ್ಪತ್ರೆಯ ಸಿಸ್ಟರು. ಐಗಳಿ ಕಡೆಯ ಹುಡುಗಿ, ದನಿ ಎಳೆಯದು. ಅಪ್ಪನಿಗೆ ಕಾಕಾ ಎನ್ನುತ್ತಿದ್ದಳು. ಅವಳ ಫೋನು ಬಂದರೆ ಅಪ್ಪ ಬೇರೆ ಮನುಷ್ಯನಾಗುತ್ತಿದ್ದ.

"ಕಾಕಾ, ನಿನ್ನೆಕಿಂತ ಒಂದ ಕಿಲೋ ಏರೇತಲ್ರಿ. ಹಪ್ಪಳಾ ತಿಂದ್ರೇನು?"

"ಇಲ್ಲವ್ವಾ, ನೀ ಹೇಳಿದಂಗ ಕೇಳಾವ ನಾನು. ಇವತ್ತ ನೀರ ಕಡಿಮಿ ಮಾಡ್ತೀನಿ."

ನೀರು ಕಡಿಮೆ ಮಾಡಿರಿ ಎಂದು ಅವ್ವ ಆಗಲೇ ಹೇಳಿರುತ್ತಿದ್ದಳು. ಹೇಳಿ ಬೈಸಿಕೊಂಡಿರುತ್ತಿದ್ದಳು.

ಅಪ್ಪನ ಅಡುಗೆಗೆ ಉಪ್ಪು ಹೆಸರಿಗಷ್ಟೇ. ಅವನ ಬೇಳೆ ಬೇರೆ, ಪಲ್ಯ ಬೇರೆ, ಹಿಟ್ಟಿಗೂ ಉಪ್ಪಿಲ್ಲ. ಅರ್ಧ ಉಣ್ಣುತ್ತಿದ್ದ, ಅರ್ಧ ಸರಿಸುತ್ತಿದ್ದ. ಉಳಿದ ಸಪ್ಪೆ ಬೇಳೆಯನ್ನು ಚೆಲ್ಲಲು ಮನಸ್ಸಾಗದೆ ಅವ್ವ ತಾನು ಉಣ್ಣುತ್ತಿದ್ದಳು. ಸಪ್ಪೆ ಗಂಟಲಲ್ಲಿ ಇಳಿಯದೆ ಮಾವಿನ ಉಪ್ಪಿನಕಾಯಿ, ಶೇಂಗಾ ಚಟ್ನಿಪುಡಿ, ಉಪ್ಪು ಹಾಕಿ ಕುಟ್ಟಿದ ಹಸಿಮೆಣಸಿನಕಾಯಿ. ಎರಡು ಹೊತ್ತೂ. ನಾನು ಪಕ್ಕದಲ್ಲೇ ಉಣ್ಣುತ್ತಿದ್ದೆ.

ಅವಳಿಗೆ ತಲೆನೋವು ಇತ್ತು. ಹಣೆಗೆ ಒಂದು ಹಳೆಯ ಬಟ್ಟೆ ಬಿಗಿದು, ಶುಂಠಿ ತೇಯ್ದು ಹಚ್ಚಿಕೊಂಡು ರೊಟ್ಟಿ ಬಡಿಯುತ್ತಿದ್ದಳು. ಪಿತ್ತ ಅನ್ನುತ್ತಿದ್ದಳು, ನಾವೂ ಪಿತ್ತ ಅನ್ನುತ್ತಿದ್ದೆವು. ನನ್ನ ಹೆಂಡತಿ ಒಮ್ಮೆ ಹೇಳಿದಳು: "ರೀ, ಅತ್ತಿಯವ್ರನ್ನೂ ಒಂದ ಸಲ ತೋರಿಸ್ಕೊಂಡ ಬರ್ರಿ. ಗೋಡಿ ಹಿಡ್ಕೊಂಡ ನಿಲ್ಲಾಕತ್ತಾರ." ಪರೀಕ್ಷೆ ಮುಗಿಯಲಿ ಎಂದೆ. ಶಾಲೆಯಲ್ಲಿ ಯಾವಾಗಲೂ ಒಂದಲ್ಲ ಒಂದು ಪರೀಕ್ಷೆ ಇದ್ದೇ ಇರುತ್ತದೆ.

ನನ್ನ ಆಸಕ್ತಿಯೆಲ್ಲ ಗ್ರಾಫಿನಲ್ಲಿತ್ತು. ಫೋನು ಅಪ್ಪನ ದಿನದಿನದ ಬಿ.ಪಿ.ಯನ್ನು ಗೆರೆಯಾಗಿ ಎಳೆದು ತೋರಿಸುತ್ತಿತ್ತು. ಮೊದಲ ತಿಂಗಳು ಕಲ್ಲುಗುಡ್ಡದಂತಿದ್ದ ಗೆರೆ ನಾಲ್ಕನೆಯ ತಿಂಗಳ ಹೊತ್ತಿಗೆ ಉತ್ತ ಹೊಲದಂತೆ ಸಮವಾಗಿತ್ತು. ಅದರ ಚಿತ್ರವನ್ನು ನನ್ನ ಫೋನಿಗೆ ಕಳಿಸಿಕೊಂಡು, ಸ್ಟಾಫ್ ರೂಮಿನಲ್ಲಿ ತೆರೆದು ಸಹೋದ್ಯೋಗಿಗಳಿಗೆ ತೋರಿಸುತ್ತಿದ್ದೆ. ತಪಾಸಣೆಗೆ ಹೋದಾಗಲೆಲ್ಲ ಡಾಕ್ಟರು ನನ್ನ ಬೆನ್ನು ತಟ್ಟುತ್ತಿದ್ದರು. ಇಂಥ ಮಗ ಎಲ್ಲರಿಗೂ ಸಿಗಲಿ ಎಂದರು ಒಮ್ಮೆ. ನಾನು ತಲೆ ತಗ್ಗಿಸಿ ನಕ್ಕೆ. ಅಲ್ಲಗಳೆಯಲಿಲ್ಲ.

ವರ್ಷ ತುಂಬಲು ಹತ್ತು ದಿನ ಇರುವಾಗ, ಒಂಬತ್ತನೆಯ ತರಗತಿಯಲ್ಲಿ ನಾನು ಪಾಠ ಮಾಡುತ್ತಿರುವಾಗ ಸಿಸ್ಟರಿನ ಫೋನು ಬಂತು.

"ಸರ್, ಕಾಕಾನ ಬಿ.ಪಿ. ಎರಡನೂರಾ ಹತ್ತು, ನೂರಾ ಇಪ್ಪತ್ತು ಬಂದೈತಿ. ಈಗ ಹತ್ತ ಮಿನಿಟಿನ ಹಿಂದ. ಮಾತಾಡಾಕತ್ತಾರೇನ್ರಿ? ಕೈಕಾಲ ಸರಿ ಅದಾವೇನ್ರಿ? ತಡಾ ಮಾಡಬ್ಯಾಡ್ರಿ, ಹತ್ರ ಯಾವ ದವಾಖಾನಿ ಐತಿ ಅಲ್ಲಿಗೆ ಒಯ್ರಿ."

ಸೀಮೆಸುಣ್ಣ ಕೈಯಲ್ಲಿರುವಂತೆಯೇ ಬೈಕು ಹತ್ತಿದೆ. ಊರು ಸೇರುವಾಗ ನೋಡಿದರೆ ಅಪ್ಪ ಹಾಲಿನ ಡೇರಿಯ ಕಟ್ಟೆಯ ಮೇಲೆ ನಾಲ್ಕು ಜನರ ನಡುವೆ ಕುಳಿತು ಕೈ ಬೀಸಿ ಏನೋ ಹೇಳಿ ನಗುತ್ತಿದ್ದ. ನಾನು ನಂಬಲಿಲ್ಲ, ಮಶೀನನ್ನು ನಂಬಿದೆ. ಪಕ್ಕದ ಮನೆಯವರ ಕಾರಿನಲ್ಲಿ ಅವನನ್ನು ಎತ್ತಿ ಹಾಕಿದಂತೆ ಕೂಡಿಸಿಕೊಂಡು ಚಿಕ್ಕೋಡಿಗೆ ಒಯ್ದೆ. ಅಲ್ಲಿನ ಡಾಕ್ಟರು ಎರಡೂ ತೋಳಿನಲ್ಲಿ ನೋಡಿದರು. ನೂರಾ ಹದಿನೆಂಟು, ಎಪ್ಪತ್ತಾರು. "ಇವರಿಗೇನೂ ಆಗಿಲ್ಲ. ಬ್ಯಾರೆ ಯಾರರೆ ಕಟ್ಟಗೊಂಡಿರಬೇಕು ನೋಡ್ರಿ" ಎಂದರು.

ವಾಪಸು ಬರುವ ದಾರಿಯುದ್ದಕ್ಕೂ ಅಪ್ಪ ನನ್ನನ್ನು ಬೈದ. ಜನರೆದುರು ಹೆಣ ಹೊತ್ತಂತೆ ಹೊತ್ತೊಯ್ದೆ ಎಂದ. ಮನೆಗೆ ಬಂದಾಗ ನಾನು ಆ ಬೈಗಳನ್ನೆಲ್ಲ ಅವ್ವನ ಮೇಲೆ ಸುರಿಯಲು ಸಿದ್ಧನಾಗಿದ್ದೆ. ಅವಳು ಒಳಗಿನ ಕಂಬಕ್ಕೆ ಒರಗಿ ನಿಂತಿದ್ದಳು. ಹಣೆಗೆ ಬಟ್ಟೆ ಕಟ್ಟಿತ್ತು.

"ಮಶೀನ ಯಾರ ಮುಟ್ಟಿದ್ರು?"

"ನಾನ ಕಟ್ಟಗೊಂಡಿದ್ನಿ" ಎಂದಳು. "ನಸಿಕಿನ್ಯಾಗಿಂದ ತಲಿ ಸೀಳಿದಂಗ ಆಗಾಕತ್ತಿತ್ತು. ಮನ್ಯಾಗ ಯಾರೂ ಇರಲಿಲ್ಲ."

"ಅದೇನ ಆಟದ ಸಾಮಾನೇನ ಬೇ? ಕ್ಲಾಸ ಬಿಟ್ಟ ಬಂದೀನಿ ನಾ. ಅಪ್ಪನ ಹೆಸರಿಗೆ ಹೋಗೇತಿ ಅದು, ಅಲ್ಲಿ ಎಲ್ಲಾರೂ ಗಾಬರಿ ಆಗ್ಯಾರ."

"ಎರಡನೂರ ದಾಟೇತಿ ಅದು" ಎಂದಳು, ಮೆಲ್ಲಗೆ.

ಅಪ್ಪ ಕುರ್ಚಿಯಲ್ಲಿ ಕುಳಿತಲ್ಲಿಂದಲೇ ಹೇಳಿದ: "ಆಕಿಗೇನಾಕ್ಕೈತಿ? ಕಲ್ಲಿದ್ದಂಗ ಅದಾಳ. ಮೊದಲ ನನ್ನ ಊಟಾ ಹಚ್ಚ ಅನ್ನ."

ಅವ್ವ ಊಟ ಬಡಿಸಿದಳು.

ಸಂಜೆ ಸಿಸ್ಟರಿಗೆ ನಾನೇ ಫೋನ್ ಮಾಡಿ ಹೀಗಾಯಿತು ಎಂದೆ. ಸಮಾಧಾನದ ನಿಟ್ಟುಸಿರು ಬಿಟ್ಟಳು. ಆಮೇಲೆ ಹೇಳಿದಳು:

"ಸರ್, ಇಲ್ಲಿ ಒಂದ ಅಲ್ರಿ, ಮೂರ ರೀಡಿಂಗ ಬಂದಾವ. ನಡುವ ಐದೈದ ಮಿನಿಟ ಬಿಟ್ಟ ನೋಡ್ಯಾರ. ಸುಮ್ನ ಆಟಕ್ಕ ಕಟ್ಟಗೊಳ್ಳೋರು ಹಂಗ ಬಿಡೂದಿಲ್ರಿ. ಮೂರೂ ಎರಡನೂರ ಮ್ಯಾಲ ಅದಾವ. ಅವ್ವಾರನ್ನ ನಾಳೇನ ತೋರಸ್ರಿ. ಗುಳಿಗಿ ಸುರು ಮಾಡಬೇಕಾಕ್ಕೈತಿ."

"ತೋರಸ್ತೀನ್ರಿ" ಎಂದೆ. ಆಮೇಲೆ ನಾನು ಕೇಳಿದ್ದನ್ನು ಇವತ್ತು ಬರೆಯುವಾಗಲೂ ಕೈ ಹಿಂಜರಿಯುತ್ತದೆ. "ಆ ಮೂರೂ ತಗದ ಹಾಕ್ರಿ ಸಿಸ್ಟರ್. ಅಪ್ಪನ ರೆಕಾರ್ಡ ಕೆಡತೈತಿ."

ಮುಂದಿನ ವಾರ ಆಸ್ಪತ್ರೆಯಲ್ಲಿ ಸತ್ಕಾರವಿತ್ತು. ವರ್ಷಪೂರ್ತಿ ಒಂದು ದಿನವೂ ತಪ್ಪದೆ ರೀಡಿಂಗ್ ಕಳಿಸಿದ ರೋಗಿಗಳನ್ನು ಕರೆದು ಗೌರವಿಸುವುದಿತ್ತು. ಅಪ್ಪನೂ ಒಬ್ಬ. ಅವರ ಗ್ರಾಫುಗಳನ್ನು ಪರದೆಯ ಮೇಲೆ ತೋರಿಸುತ್ತೇವೆ ಎಂದಿದ್ದರು. ಆ ಸಮವಾದ ಗೆರೆಯ ಕೊನೆಯಲ್ಲಿ ಮೂರು ಕಂಬ ಎದ್ದು ನಿಲ್ಲುವುದು ನನಗೆ ಬೇಡವಾಗಿತ್ತು.

ಸತ್ಕಾರಕ್ಕೆ ಅವ್ವನೂ ಬಂದಳು. ಅಪ್ಪನ ಗುಳಿಗೆ, ಅಳತೆಯ ನೀರಿನ ಬಾಟಲಿ, ಉಪ್ಪಿಲ್ಲದ ಬುತ್ತಿ ಎಲ್ಲ ಅವಳ ಚೀಲದಲ್ಲಿತ್ತು. ಅವಳಿಲ್ಲದೆ ಅಪ್ಪನನ್ನು ಅಷ್ಟು ದೂರ ಒಯ್ಯುವುದು ಆಗುತ್ತಿರಲಿಲ್ಲ. ಆಸ್ಪತ್ರೆಯ ಸಭಾಗೃಹದಲ್ಲಿ ಹಿಂದಿನ ಸಾಲಿನಲ್ಲಿ ಹೆಂಗಸರ ನಡುವೆ ಕುಳಿತಳು. ಅಪ್ಪನಿಗೆ ಕೇಸರಿ ಫೇಟಾ ಸುತ್ತಿ, ಶಾಲು ಹೊದಿಸಿ, ತೆಂಗಿನಕಾಯಿ ಕೊಟ್ಟರು. ಎರಡು ಮಾತು ಹೇಳಿರಿ ಎಂದರು. ಅಪ್ಪ ಮೈಕು ಹಿಡಿದು, "ನಾ ಮೊದಲಿಂದಲೂ ಶಿಸ್ತಿನ ಮನಷ್ಯಾ. ಹೇಳಿದ ಹೊತ್ತಿಗೆ ಹೇಳಿದ ಕೆಲಸಾ" ಎಂದ. ಜನ ಚಪ್ಪಾಳೆ ತಟ್ಟಿದರು. ನನ್ನನ್ನೂ ವೇದಿಕೆಗೆ ಕರೆದು ಒಂದು ಹೂವಿನ ಗುಚ್ಛ ಕೊಟ್ಟರು. ಪರದೆಯ ಮೇಲೆ ಗೆರೆ ಮೂಡಿತು. ಕೊನೆಯವರೆಗೂ ಸಮವಾಗಿತ್ತು.

ಊಟದ ಹೊತ್ತಿಗೆ ಒಬ್ಬ ತೆಳ್ಳನೆಯ ಹುಡುಗಿ ಬಂದು ನಮಸ್ಕಾರ ಮಾಡಿದಳು. ದನಿಯಿಂದ ಗುರುತು ಹಿಡಿದೆ, ಅದೇ ಸಿಸ್ಟರು.

"ಸರ್, ಅವ್ವಾರಿಗೆ ತೋರಿಸಿದ್ರೇನು?"

"ಇಲ್ರಿ ಇನ್ನಾ. ಇವತ್ತ ಬಂದಾಳ."

"ಹಂಗಾರ ಈಗ ತೋರಿಸಿಬಿಡ್ರಿ. ಕೆಳಗ ಓಪಿಡಿ ಚಾಲೂ ಐತಿ. ನಾ ಬೇಕಾದ್ರ ಚೀಟಿ ಮಾಡಸ್ತೀನಿ."

ಆ ಕ್ಷಣಕ್ಕೆ ಅಪ್ಪ ದಣಿದಿದ್ದೇನೆ, ಮನೆಗೆ ಹೋಗೋಣ ಎಂದ. ಕೆಳಗೆ ಸಾಲು ಉದ್ದವಿತ್ತು. ಬಾಡಿಗೆ ಕಾರಿನವನು ಹೊರಗೆ ಕಾಯುತ್ತಿದ್ದ. "ಬರೂ ವಾರ ಕರ್ಕೊಂಡ ಬರ್ತೀನ್ರಿ" ಎಂದೆ. ಮೂವರೂ ಮೆಟ್ಟಿಲಿಳಿದು ಓಪಿಡಿಯ ಬಾಗಿಲ ಮುಂದೆ ಹಾದು ಹೋದೆವು. ಬಿ.ಪಿ. ನೋಡುವ ಮೇಜಿನ ಮುಂದೆ ಒಬ್ಬ ಮುದುಕಿ ತೋಳು ಚಾಚಿ ಕುಳಿತಿದ್ದಳು. ಅವ್ವ ಅಲ್ಲಿ ಒಂದು ಗಳಿಗೆ ನಿಂತು ನೋಡಿದಳು. ನಾನು, "ಬಾರ ಬೇ, ಗಾಡಿ ಕಾಯಾಕತ್ತೈತಿ" ಎಂದೆ.

ಕಾರಿನಲ್ಲಿ ಅಪ್ಪ ಫೇಟಾ ತೆಗೆಯದೆಯೇ ನಿದ್ದೆಹೋದ. ಅವ್ವ ಕಿಟಕಿಯಾಚೆ ನೋಡುತ್ತ ಕೇಳಿದಳು: "ಅಲ್ಲಿ ಪಡದೆದ ಮ್ಯಾಲ ತೋರಿಸಿದ್ರಲ್ಲ, ಅದರಾಗ ನಂದು ಇರಲಿಲ್ಲಲಾ?"

"ತಗದಾರ ಅದನ್ನ."

"ಆ ಬಾಯಿ ನಿನ್ನ ಕೂಡ ಮಾತಾಡಾಕತ್ತಿದ್ಳು. ನಂದ ಏನರ ಅಂದ್ಳೇನು?"

"ಏನಿಲ್ಲ. ಇನ್ನ ಮ್ಯಾಲ ಬ್ಯಾರೇದವ್ರು ಮುಟ್ಟಬಾರದು ಅಂದ್ಳು."

ಎರಡನೂರು ಎಂದರೆ ಏನು ಎಂದು ಅವಳಿಗೆ ಗೊತ್ತಿತ್ತು, ನಾನೇ ಕಲಿಸಿದ್ದೆ. ಅಂಥ ಅಂಕಿಯನ್ನು ನೋಡಿಯೂ ಆಸ್ಪತ್ರೆಯವರು ಏನೂ ಅನ್ನಲಿಲ್ಲ ಎಂದಮೇಲೆ ಅವಳು ಏನೆಂದುಕೊಂಡಳೋ. ತನ್ನಂಥವರಿಗೆ ಆ ಲೆಕ್ಕ ಅನ್ವಯಿಸುವುದಿಲ್ಲ ಎಂದುಕೊಂಡಿರಬೇಕು. ಮುಂದೆ ತನ್ನ ತೋಳಿಗೆ ಆ ಪಟ್ಟಿಯನ್ನು ಅವಳು ಮುಟ್ಟಿಸಲಿಲ್ಲ. ಮುಟ್ಟಿಸಿದ್ದರೆ ಸಿಸ್ಟರಿಗೆ ಗೊತ್ತಾಗುತ್ತಿತ್ತು.

ಬರುವ ವಾರ ಎಂದದ್ದು ನಾಲ್ಕು ವಾರವಾಯಿತು. ಸಿಸ್ಟರು ಫೋನಿನಲ್ಲಿ ಮತ್ತೆ ಎರಡು ಸಲ ನೆನಪಿಸಿದಳು. ಎರಡು ಸಲವೂ ಹೂಂ ಎಂದೆ.

ಅದು ಶನಿವಾರ. ಬೆಳಗಿನ ಶಾಲೆ. ಹೆಂಡತಿ ತಂಗಿಯ ನಿಶ್ಚಿತಾರ್ಥಕ್ಕೆಂದು ಕಾಗವಾಡದ ತವರಿಗೆ ಹೋಗಿದ್ದಳು. ನಾನು ಆರಕ್ಕೇ ಎದ್ದು, ಶಾಲೆಯ ಹತ್ತಿರದ ಹೋಟೆಲಿನಲ್ಲಿ ಚಹಾ ಕುಡಿದರಾಯಿತು ಎಂದು ಮುಂಬಾಗಿಲಿನಿಂದ ಹಾಗೆಯೇ ಹೊರಟೆ. ಹಿತ್ತಲ ಕಡೆ ಕೊಡದ ಸಪ್ಪಳ ಕೇಳಿಸಿತ್ತು. ಅವ್ವ ನೀರು ತುಂಬುತ್ತಿದ್ದಾಳೆ ಎಂದುಕೊಂಡೆ. ಆಗ ತುಂಬುತ್ತಿದ್ದಳೋ, ಕೊಡ ಕೈಜಾರಿ ಬಿದ್ದ ಸಪ್ಪಳವೋ ನನಗೆ ಇಂದಿಗೂ ಗೊತ್ತಿಲ್ಲ.

ಒಂಬತ್ತೂವರೆಗೆ ಸಿಸ್ಟರಿನ ಫೋನು ಬಂತು.

"ಸರ್, ಇವತ್ತ ಕಾಕಾನ ರೀಡಿಂಗ ಬಂದಿಲ್ರಿ. ಒಂದ ದಿನಾನೂ ಹಿಂಗ ಆಗಿದ್ದಿಲ್ಲ. ಎಲ್ಲಾರೂ ಆರಾಮ ಅದೀರಲ್ಲ?"

ಅಪ್ಪನಿಗೆ ಫೋನ್ ಹಚ್ಚಿದೆ. ಸಿಟ್ಟಿನಿಂದಲೇ ಎತ್ತಿದ.

"ಯಾವಾಗಿಂದ ಕೂಗಾಕತ್ತೀನಿ, ಚಾ ಇಲ್ಲಾ ಗುಳಿಗಿ ಇಲ್ಲಾ. ಎಲ್ಲಿ ಕುಂತಾಳೋ ಏನೋ ನಿಮ್ಮವ್ವ. ಓಣ್ಯಾಗ ಯಾರ ಮನಿಗೆ ಹೋಗ್ಯಾಳ ನೋಡ."

"ಹಿತ್ತಲಕ ಹೋಗಿ ನೋಡಿದೇನಪಾ?"

"ನಾ ಯಾಕ ಹೋಗ್ಲಿ? ಏರಿಳದ್ರ ನನಗ ದಮ್ಮ ಹತ್ತತೈತಿ."

ಪಕ್ಕದ ಮನೆಯವರಿಗೆ ಫೋನ್ ಮಾಡಿದೆ. ಅವರು ಹೋಗಿ ನೋಡಿದಾಗ ಅವ್ವ ಹಿತ್ತಲ ಬಾಗಿಲ ಬಳಿ ಒಂದು ಮಗ್ಗುಲಿಗೆ ಬಿದ್ದಿದ್ದಳು. ಬಾಯಿ ಓರೆಯಾಗಿತ್ತು. ಕಣ್ಣು ತೆರೆದಿತ್ತು. ಅಪ್ಪ ಕುಳಿತ ಕುರ್ಚಿಗೂ ಅವಳಿಗೂ ನಡುವೆ ಅಡುಗೆಮನೆ ಒಂದೇ ಇತ್ತು. ಮೂರು ತಾಸಿಗೂ ಹೆಚ್ಚು ಹೊತ್ತು ಹಾಗೆ ಬಿದ್ದಿದ್ದಳು.

ಮಿರಜು ಮುಟ್ಟಿದಾಗ ಹನ್ನೊಂದು ಗಂಟೆ. ಸ್ಕ್ಯಾನ್ ಮಾಡಿದರು. ಮೆದುಳಿನಲ್ಲಿ ರಕ್ತನಾಳ ಒಡೆದಿತ್ತು. ತುರ್ತು ವಿಭಾಗದ ಡಾಕ್ಟರು ಬರೆದುಕೊಳ್ಳುತ್ತ ಕೇಳಿದರು: "ಇವರಿಗೆ ಬಿ.ಪಿ. ಇತ್ತಾ? ಯಾವಾಗರೆ ಚೆಕ್ ಮಾಡಿಸಿದ್ರಾ?"

"ಇಲ್ರಿ" ಎಂದೆ. ಸುಳ್ಳು ಹೇಳಬೇಕೆಂದು ಯೋಚಿಸಿ ಹೇಳಿದ್ದಲ್ಲ. ಬಾಯಿ ತಾನಾಗಿಯೇ ಹೇಳಿತು.

"ಐತ್ರಿ ಡಾಕ್ಟರ್."

ಹಿಂದಿನಿಂದ ದನಿ ಬಂತು. ಸಿಸ್ಟರು ಮೇಲಿನಿಂದ ಇಳಿದು ಬಂದಿದ್ದಳು. ಅವ್ವ ಬಿದ್ದದ್ದನ್ನು ನಾನು ದಾರಿಯಿಂದ ಫೋನಿನಲ್ಲಿ ಹೇಳಿದ್ದೆ, ಕೇಳಿ ತಾನೇ ಬಂದಿದ್ದಳು. ಕೈಯಲ್ಲಿದ್ದ ಟ್ಯಾಬನ್ನು ಡಾಕ್ಟರ ಮುಂದೆ ಹಿಡಿದಳು. ಮೂರೂ ಅಂಕಿ ಇದ್ದವು, ಹೊತ್ತಿನ ಸಮೇತ. ನಾನು ತೆಗೆಯಿರಿ ಎಂದಿದ್ದನ್ನು ಅವಳು ತೆಗೆದಿರಲಿಲ್ಲ. ಗ್ರಾಫಿನಿಂದ ಬೇರೆ ಮಾಡಿ, 'ರೋಗಿಯ ಪತ್ನಿಯದು, ತೋರಿಸಲು ತಿಳಿಸಿದೆ' ಎಂದು ಪಕ್ಕದಲ್ಲಿ ಬರೆದಿಟ್ಟಿದ್ದಳು. ಅದರ ಕೆಳಗೆ, ಸತ್ಕಾರದ ದಿನವೂ ಸೇರಿ, ಅವಳು ನನಗೆ ನೆನಪಿಸಿದ ಮೂರು ದಿನಗಳೂ ಇದ್ದವು.

ಡಾಕ್ಟರು ಅದನ್ನು ಓದಿದರು. ನನ್ನನ್ನು ನೋಡಿದರು. ಕಾಗದದ ಮೇಲೆ ಬರೆದುಕೊಂಡರು. ಸಿಸ್ಟರು ನನ್ನತ್ತ ನೋಡಲೇ ಇಲ್ಲ. ಅವ್ವನ ಮಂಚದ ಹತ್ತಿರ ಹೋಗಿ, ಸೆರಗು ಸರಿಮಾಡಿ, "ಕಾಕು, ನಾನ್ರಿ" ಎಂದಳು. ಅವ್ವನಿಗೆ ಆ ದನಿಯ ಗುರುತು ಹತ್ತಿತೋ ಇಲ್ಲವೋ.

ಅಷ್ಟರಲ್ಲಿ ನಮ್ಮೊಡನೆ ಬಂದಿದ್ದ ಅಪ್ಪನಿಗೆ ಉಸಿರು ಹೆಚ್ಚಾಯಿತು. ಬೆಳಗಿನ ಗುಳಿಗೆ ಹೋಗಿರಲಿಲ್ಲ. ಹೊರಡುವ ಅವಸರದಲ್ಲಿ ನಾನು ಎಂಟೂ ಡಬ್ಬಿಗಳನ್ನು ಚೀಲಕ್ಕೆ ಸುರಿದು ತಂದಿದ್ದೆ. ಆಸ್ಪತ್ರೆಯ ಬೆಂಚಿನ ಮೇಲೆ ಅವುಗಳನ್ನು ಸಾಲಾಗಿ ಇಟ್ಟುಕೊಂಡು ಕುಳಿತೆ. ಬಿಳಿಯವೇ ನಾಲ್ಕು ತರ ಇದ್ದವು. ಯಾವುದು ಯಾವ ಹೊತ್ತಿನದು, ಯಾವುದು ಅರ್ಧ, ಯಾವುದು ಇಡಿ, ಒಂದೂ ತಿಳಿಯಲಿಲ್ಲ. ನೋಡಿಕೊಳ್ಳುವವರು ಎಂಬಲ್ಲಿ ನನ್ನ ಹೆಸರಿತ್ತು. ಕೊನೆಗೆ ಸಿಸ್ಟರೇ ಅವನ ಗುಳಿಗೆಗಳ ಪಟ್ಟಿ ತಂದು ಒಂದೊಂದೇ ಗುರುತಿಸಿ ಕೊಟ್ಟಳು. ಯಾವುದು ಯಾವಾಗ ಎಂಬುದನ್ನು ಅಪ್ಪನಿಗೇ ಹೇಳಿದಳು, ನನಗಲ್ಲ.

ಹದಿನೆಂಟು ದಿನಕ್ಕೆ ಅವ್ವನನ್ನು ಮನೆಗೆ ತಂದೆವು. ಬಲಗೈ, ಬಲಗಾಲು ಹೋಗಿವೆ. ಮಾತು ಹೋಗಿದೆ. ತಲೆ ಸ್ವಚ್ಛವಿದೆ, ಎಲ್ಲ ತಿಳಿಯುತ್ತದೆ ಎಂದರು ಡಾಕ್ಟರು. ಅದು ಸಮಾಧಾನದ ಮಾತೆಂದು ಹೇಳಿದ್ದು. ಪಡಸಾಲೆಯಲ್ಲಿ ಅಪ್ಪನ ಕುರ್ಚಿಯ ಪಕ್ಕಕ್ಕೇ ಅವಳ ಮಂಚ ಹಾಕಿದೆವು. ಅದೇ ಫೋನಿನಲ್ಲಿ ಈಗ ಪೇಶಂಟ್ ಎಂಬಲ್ಲಿ ಎರಡನೆಯ ಹೆಸರು ಸೇರಿತು. ಪಟ್ಟಿ ಕಟ್ಟುವ ಮೊದಲು ಯಾರದು ಎಂದು ಫೋನು ಕೇಳುತ್ತದೆ. ಅವ್ವನ ಹೆಸರನ್ನು ಒತ್ತಬೇಕು.

ಅಪ್ಪ ಮೊದಲು ಬಂದವರೆದುರೆಲ್ಲ, "ಆಕಿ ಬಿದ್ದ ಮ್ಯಾಲ ನನ್ನ ಆರೈಕಿ ಕೆಟ್ಟಹೋತು" ಎನ್ನುತ್ತಿದ್ದ. ಬಂದವರೂ ಹೌದೆಂದು ತಲೆಯಾಡಿಸುತ್ತಿದ್ದರು. ಡೇರಿಯ ಕಟ್ಟೆಗೆ ಹೋಗುವುದು ಮಾತ್ರ ತಾನಾಗಿಯೇ ನಿಂತಿತು. ಒಂದು ಮಧ್ಯಾಹ್ನ ಅವ್ವ ಮಲಗಿದ್ದಾಗ ನನ್ನನ್ನು ಹೊರಗೆ ಕರೆದು ಕೇಳಿದ:

"ಆವತ್ತ ನಾ ಕೂಗಿದ್ದ ಆಕಿಗೆ ಕೇಳಿಸಿತ್ತೇನ?"

"ಎಚ್ಚರ ಇತ್ತು ಅಂತ ಡಾಕ್ಟರ ಹೇಳ್ಯಾರ."

"ಭಾಳ ಕೆಟ್ಟ ಮಾತ ಆಡಿದ್ನಿ" ಎಂದ. ಕಟ್ಟೆಯ ಕಲ್ಲನ್ನು ಉಗುರಿನಿಂದ ಕೆರೆಯುತ್ತ ಬಹಳ ಹೊತ್ತು ಕುಳಿತಿದ್ದ. ಈಗ ಕೊಟ್ಟ ಸಪ್ಪೆ ಊಟವನ್ನು ಉಳಿಸದೆ ಉಣ್ಣುತ್ತಾನೆ.

ನನ್ನ ಹೆಂಡತಿ, ನಾನು ಆಗಲೇ ಹೇಳಿದ್ದೆ ಎಂದು ಒಮ್ಮೆಯೂ ಅಂದಿಲ್ಲ. ಅಂದಿದ್ದರೆ ನಾನು ಜಗಳಾಡಬಹುದಿತ್ತು.

ಬೇಸಿಗೆ ರಜೆಯಲ್ಲಿ ಬೆಳಗಿನ ಪಟ್ಟಿ ಕಟ್ಟುವ ಕೆಲಸ ನಾನೇ ಮಾಡುತ್ತಿದ್ದೆ. ಅವ್ವ ಎಡತೋಳು ಚಾಚುತ್ತಿದ್ದಳು. ಗುಳಿಗೆಯಿಂದ ಅವಳ ಬಿ.ಪಿ. ಹಿಡಿತಕ್ಕೆ ಬಂದಿತ್ತು. ದಿನಕ್ಕೊಂದು ಸಣ್ಣ ಗುಳಿಗೆ. ಒಂದು ಬೆಳಿಗ್ಗೆ ಪಟ್ಟಿ ಬಿಚ್ಚಿದ ಮೇಲೆ ಹೇಳಿಬಿಟ್ಟೆ.

"ಅವ್ವಾ, ಆ ಸಿಸ್ಟರಬಾಯಿ ಮುಟ್ಟಬ್ಯಾಡ ಅಂದಿರಲಿಲ್ಲ. ನಿನ್ನ ಲಗೂನ ತೋರಸ್ರಿ ಅಂದಿದ್ಳು. ಆಮ್ಯಾಲ ಮೂರ ಸಲ ನೆನಪ ಮಾಡಿದ್ಳು. ನಾನ ಸುಳ್ಳ ಹೇಳಿದ್ನಿ."

ಅವಳು ನನ್ನ ಮುಖವನ್ನೇ ನೋಡಿದಳು. ಬೈಯಲು ಮಾತಿರಲಿಲ್ಲ. ಅಳಲಿಲ್ಲ. ಎಡಗೈಯಿಂದ ಬಲಗೈಯನ್ನು ಎತ್ತಿ ಹೊಟ್ಟೆಯ ಮೇಲೆ ಇಟ್ಟುಕೊಂಡು, ಅದರ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೆಟ್ಟಗೆ ಮಾಡಿದಳು. ಬೆರಳು ಮತ್ತೆ ಮಡಚಿಕೊಂಡವು. ಆಮೇಲೆ ಗೋಡೆಯ ಕಡೆ ಮುಖ ತಿರುಗಿಸಿದಳು.

ಮರುದಿನ ನಾನು ಪಟ್ಟಿ ಹಿಡಿದು ಹೋದಾಗ ತೋಳು ಚಾಚಲಿಲ್ಲ. ಸೆರಗಿನೊಳಗೆ ಎಳೆದುಕೊಂಡಳು. ಅವ್ವಾ ಎಂದೆ, ಎರಡು ಸಲ ಕರೆದೆ. ಕಣ್ಣು ಮುಚ್ಚಿಕೊಂಡಳು. ಹೆಂಡತಿ ಬಂದು ನನ್ನ ಕೈಯಿಂದ ಪಟ್ಟಿ ತೆಗೆದುಕೊಂಡಳು. ಅವ್ವ ಅವಳಿಗೆ ತೋಳು ಕೊಟ್ಟಳು.

ಒಂದು ವರ್ಷವಾಗುತ್ತ ಬಂತು. ನನ್ನ ಕೈಯಿಂದ ಅನ್ನ ಉಣ್ಣುತ್ತಾಳೆ, ನೀರು ಕುಡಿಯುತ್ತಾಳೆ. ತೋಳು ಮಾತ್ರ ಕೊಡುವುದಿಲ್ಲ. ಬೆಳಿಗ್ಗೆ ಹೆಂಡತಿ ಪಟ್ಟಿ ಕಟ್ಟುವಾಗ ನಾನು ಪಡಸಾಲೆಯಿಂದ ಹೊರಗೆ ಬಂದು ಕಟ್ಟೆಯ ಮೇಲೆ ಕುಳಿತುಕೊಳ್ಳುತ್ತೇನೆ. ಅಂಕಿ ಈಗ ನನ್ನ ಫೋನಿಗೂ ಬರುವಂತೆ ಮಾಡಿಸಿಕೊಂಡಿದ್ದೇನೆ, ಸ್ವಲ್ಪ ಹೊತ್ತಿಗೆ ಬರುತ್ತದೆ. ನೋಡಿಕೊಂಡು ಶಾಲೆಗೆ ಹೋಗುತ್ತೇನೆ.